ಐದು ಕಿಲೋ ಇಳಿದ ಬೀದಿ

ಮನುಷ್ಯನ ಜಂಬವನ್ನು ತೂಗುವುದಕ್ಕೆ ಸರ್ಕಾರ ಇನ್ನೂ ತೂಕದ ಬಟ್ಟು ಮಾಡಿಸಿಲ್ಲ. ಮಾಡಿಸಿದ್ದರೆ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು ಮೊದಲು ತಮ್ಮನ್ನೇ ತೂಗಿಕೊಳ್ಳಬೇಕಾಗುತ್ತಿತ್ತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರ ತಕ್ಕಡಿ ಒಂದು ಗ್ರಾಂ ಕೂಡ ಆಚೀಚೆ ಆದದ್ದಿಲ್ಲ, ಅವರ ಸೇವಾ ಪುಸ್ತಕದಲ್ಲಿ ಒಂದು ಕೆಂಪು ಗೆರೆ ಬಿದ್ದದ್ದಿಲ್ಲ. ಈ ಎರಡು ಸಂಗತಿಗಳನ್ನು ಅವರು ದಿನಕ್ಕೆ ಒಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದರು. ಯಾರೂ ಸಿಗದ ದಿನ ಕನ್ನಡಿಗೆ ಹೇಳುತ್ತಿದ್ದರು. "ನನ್ನ ತಕ್ಕಡಿ ಸುಳ್ಳು ಹೇಳಲ್ಲ" ಎನ್ನುವುದು ಅವರ ಬಾಯಲ್ಲಿ ನಮಸ್ಕಾರದ ಬದಲಿಗೆ ಬರುತ್ತಿದ್ದ ಮಾತು.

ಅವರ ಬಳಿ ಒಂದು ಮರದ ಪೆಟ್ಟಿಗೆ ಇತ್ತು. ಒಳಗೆ ಹಸಿರು ಮಖಮಲ್ಲಿನ ಹಾಸು, ಹಾಸಿನಲ್ಲಿ ಒಂದೊಂದು ಬಟ್ಟಿಗೂ ಅದರದೇ ಅಳತೆಯ ಗುಂಡಿ. ಅಂಗಡಿಗಳ ತಕ್ಕಡಿ ಸರಿ ಇದೆಯೇ ಎಂದು ನೋಡುವುದಕ್ಕೆ ಸರ್ಕಾರ ಕೊಟ್ಟ ಬಟ್ಟುಗಳು ಅವು. ಐದು ಕಿಲೋದ್ದು ಎಲ್ಲಕ್ಕಿಂತ ದೊಡ್ಡದು. ಹಿಡಿ ಇರುವ ಕಬ್ಬಿಣದ ಗಡ್ಡೆ, ನೆತ್ತಿಯ ಮೇಲೆ ಸರ್ಕಾರದ ಮುದ್ರೆ. ವರ್ಷಕ್ಕೊಮ್ಮೆ ಇಲಾಖೆಯ ಕಂಟ್ರೋಲರ್ ಮೇಡಂ ಬಂದು ಈ ಬಟ್ಟುಗಳನ್ನೇ ತೂಗಿ ನೋಡುತ್ತಿದ್ದರು. ಒಂದು ಬಟ್ಟು ಕಾಣೆಯಾದರೂ ಅಮಾನತು ಎಂದು ನಿಯಮಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಇನ್‌ಸ್ಪೆಕ್ಟರು ಆ ಪುಟವನ್ನು ಬೇರೆಯವರಿಗೆ ಓದಿ ಹೇಳುತ್ತಿದ್ದರೇ ಹೊರತು ತಮಗೆ ಸಂಬಂಧಿಸಿದ್ದೆಂದು ಎಂದೂ ಅಂದುಕೊಂಡಿರಲಿಲ್ಲ.

ಹೀಗಿರುವಾಗ ನಗರಸಭೆಗೆ ಊರಿನ ಹೊಟ್ಟೆಗಳ ಚಿಂತೆ ಶುರುವಾಯಿತು. ಜನಕ್ಕೆ ಬೊಜ್ಜು ಹೆಚ್ಚಾಗಿದೆ, ಇದಕ್ಕೆಲ್ಲ ಕೇಕು, ಕ್ರೀಮ್ ಬನ್ನು, ಚಿಪ್ಸು, ಬಣ್ಣದ ಪಾನೀಯಗಳೇ ಕಾರಣ, ಅವುಗಳ ಮೇಲೆ ತೆರಿಗೆ ಹಾಕಿದರೆ ಜನ ತಿನ್ನುವುದು ಬಿಡುತ್ತಾರೆ, ತಿನ್ನುವುದು ಬಿಟ್ಟರೆ ತೆಳ್ಳಗಾಗುತ್ತಾರೆ ಎಂದು ಆರೋಗ್ಯಾಧಿಕಾರಿಗಳು ಸಭೆಯಲ್ಲಿ ಬಾಣದ ಗುರುತು ಹಾಕಿ ಬೋರ್ಡಿನ ಮೇಲೆ ಬರೆದು ತೋರಿಸಿದರು. ಬಾಣಗಳು ನೇರವಾಗಿದ್ದುದರಿಂದ ಎಲ್ಲರೂ ಒಪ್ಪಿದರು. ಆದರೂ ಮೊದಲು ಒಂದೇ ಬೀದಿಯಲ್ಲಿ ಮೂರು ತಿಂಗಳು ಪ್ರಯೋಗ ಮಾಡೋಣ, ತೆರಿಗೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬೀದಿಯವರನ್ನೆಲ್ಲ ತೂಗೋಣ ಎಂದು ಕಮಿಷನರು ಹೇಳಿದರು. ಆಸ್ಪತ್ರೆಯ ತೂಕದ ಯಂತ್ರ ತರಿಸೋಣ ಎಂದು ಆರೋಗ್ಯಾಧಿಕಾರಿಗಳು ಅನ್ನುವಷ್ಟರಲ್ಲಿ, ಯಾವ ಸಂಬಂಧವೂ ಇಲ್ಲದೆ ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಇನ್‌ಸ್ಪೆಕ್ಟರು ಎದ್ದು ನಿಂತು, ಆಸ್ಪತ್ರೆಯ ಯಂತ್ರಕ್ಕೆ ಒಂಬತ್ತು ವರ್ಷದಿಂದ ಮುದ್ರೆಯೇ ಬಿದ್ದಿಲ್ಲ, ಅದು ತೋರಿಸುವುದು ತೂಕವಲ್ಲ, ಅಂದಾಜು ಎಂದರು. ಹಾಗಾದರೆ ನೀವೇ ತೂಗಿ ಎಂದು ಕಮಿಷನರು ಫೈಲು ಮುಚ್ಚಿದರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಪ್ರಯೋಗಕ್ಕೆ ಆರಿಸಿದ ಬೀದಿ ಇನ್‌ಸ್ಪೆಕ್ಟರದೇ ಆಗಿತ್ತು. ಆ ಬೀದಿಯ ಮೂಲೆಯಲ್ಲಿದ್ದ ಒಂದೇ ಒಂದು ಬೇಕರಿ ಅವರ ಹೆಂಡತಿಯ ತಮ್ಮನದಾಗಿತ್ತು. ಪ್ರತಿದಿನ ಸಂಜೆ ಆರಕ್ಕೆ ಆ ಬೇಕರಿಯಲ್ಲಿ ಎರಡು ಕ್ರೀಮ್ ಬನ್ನು ತಿಂದು ಬಾಯಿ ಒರೆಸಿಕೊಂಡು, ಮನೆಯಲ್ಲಿ ಹಸಿವಿಲ್ಲ ಎನ್ನುತ್ತಿದ್ದವರು ಇನ್‌ಸ್ಪೆಕ್ಟರೇ ಆಗಿದ್ದರು. ಸುದ್ದಿ ಕೇಳಿ ಭಾವಮೈದುನ ಹಿಟ್ಟಿನ ಕೈಯಲ್ಲೇ ಮನೆಗೆ ಓಡಿಬಂದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರಲ್ಲ ಭಾವ. ದಪ್ಪ ಆಗೋರು ಅವರು, ದುಡ್ಡು ಕಟ್ಟೋನು ನಾನಾ?" ಎಂದು ಕೇಳಿದ.

ಇನ್‌ಸ್ಪೆಕ್ಟರು ನಿಯಮ ನಿಯಮವೇ ಎಂದರು. ತೂಗುವುದಷ್ಟೇ ತಮ್ಮ ಕೆಲಸ, ತೆರಿಗೆ ಹಾಕುವುದು ತಮ್ಮ ಕೆಲಸವಲ್ಲ ಎಂದೂ ಹೇಳಿದರು. ಹೆಂಡತಿ ಇಬ್ಬರ ಮುಖವನ್ನೂ ನೋಡಿ ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಜೋಡಿಸಿದಳು.

ತೂಕದ ದಿನ ಬೆಳಗ್ಗೆ ಬೀದಿಯ ಶಾಲೆಯ ಹಾಲಿನಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿ ಬಂದು ನಿಂತಿತು. ನೆಲದ ಮಟ್ಟದಲ್ಲಿ ಒಂದು ಹಲಗೆ, ಪಕ್ಕಕ್ಕೆ ಕಂಬ, ಕಂಬದ ತುದಿಗೆ ಗಡಿಯಾರದಂಥ ಮುಖ ಮತ್ತು ಮುಳ್ಳು. ಇನ್‌ಸ್ಪೆಕ್ಟರು ಐದು ಕಿಲೋ ಬಟ್ಟನ್ನು ಹಲಗೆಯ ಮೇಲಿಟ್ಟರು. ಮುಳ್ಳು ಐದಕ್ಕೆ ಬಂದು ಅಲುಗಾಡದೆ ನಿಂತಿತು. ನೋಡಿದಿರಾ ಎನ್ನುವಂತೆ ಅವರು ಸುತ್ತ ಕಣ್ಣಾಡಿಸಿದರು, ಆದರೆ ನೋಡಲು ಆಗ ಇದ್ದದ್ದು ನಿವೃತ್ತಿಗೆ ಹತ್ತಿರವಾಗಿದ್ದ ಹಳೆಯ ಜವಾನ ಒಬ್ಬನೇ. ಅವನು ಆಕಳಿಸುತ್ತಿದ್ದ.

ಜನ ಬಂದ ಮೇಲೆ ತಕರಾರು ಎದ್ದಿತು. ಇನ್‌ಸ್ಪೆಕ್ಟರ ಎದುರುಮನೆಯಾಕೆ ತಕ್ಕಡಿಯನ್ನು ಮೇಲಿಂದ ಕೆಳಗೆ ನೋಡಿ, "ನಾವೇನು ಮೂಟೆಗಳಾ?" ಎಂದು ಕೇಳಿದಳು. ಆಕೆಯ ಹಿಂದಿದ್ದ ಮೂವತ್ತು ಹೆಂಗಸರು ತಾವೂ ಮೂಟೆಗಳಲ್ಲ ಎಂದು ತೀರ್ಮಾನಿಸಿ ಗೋಡೆಗೆ ಒರಗಿ ನಿಂತರು. ಮರ್ಯಾದೆಯಾಗಿ ಕೂರಿಸಿ ತೂಗುವುದಾದರೆ ಸರಿ, ಇಲ್ಲದಿದ್ದರೆ ಇಲ್ಲ ಎಂದಾಯಿತು. ಶಾಲೆಯ ಬೆಂಚು ಹಲಗೆಗಿಂತ ಉದ್ದ. ಕಡೆಗೆ ಜವಾನ ಹೋಗಿ ಬೇಕರಿಯಿಂದ ಭಾವಮೈದುನನ ಗಲ್ಲಾದ ಕುರ್ಚಿ ಹೊತ್ತು ತಂದ. ತೆರಿಗೆ ಇನ್ನೂ ಶುರುವಾಗದ ದಿನವಾದ್ದರಿಂದ ಅವನೂ ಗೊಣಗದೆ ಕೊಟ್ಟಿದ್ದ. ಗಟ್ಟಿಮುಟ್ಟಾದ ಮರದ ಕುರ್ಚಿ ಅದು. ಆಸನದ ಕೆಳಗೆ ಪೇಪರು, ರಸೀದಿ ಪುಸ್ತಕ ಇಡುವುದಕ್ಕೆ ಅಡ್ಡಹಲಗೆಯೊಂದಿತ್ತು.

ಇನ್‌ಸ್ಪೆಕ್ಟರು ಬಟ್ಟನ್ನು ಪಕ್ಕಕ್ಕೆ ಸರಿಸಿ, ಎಲ್ಲರೆದುರು ಕುರ್ಚಿಯನ್ನು ಒಂದನ್ನೇ ತೂಗಿದರು. ಆರು ಕಿಲೋ ಇನ್ನೂರು ಗ್ರಾಂ. ಪ್ರತಿಯೊಬ್ಬರ ತೂಕದಲ್ಲೂ ಇಷ್ಟನ್ನು ಕಳೆಯಲಾಗುವುದು ಎಂದು ಘೋಷಿಸಿ ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ಅಷ್ಟರಲ್ಲಿ ಕಮಿಷನರ ಕಾರು ಬಂತು, ಹಿಂದೆಯೇ ಫೋಟೋದವನು ಬಂದ. ಯಾರೋ ಕುರ್ಚಿಗೆ ನೆಲ ಮುಟ್ಟುವಂಥ ಬಿಳಿ ಬಟ್ಟೆ ಹೊದಿಸಿದರು. ಇನ್‌ಸ್ಪೆಕ್ಟರು ಬೆನ್ನು ತಿರುಗಿಸಿ ಕಾಲರು ಸರಿಮಾಡಿಕೊಳ್ಳತೊಡಗಿದರು. ದಾರಿಯಲ್ಲೇ ಬಿದ್ದಿದ್ದ ಬಟ್ಟನ್ನು ಕಂಡ ಜವಾನ, ಕಮಿಷನರು ಎಡವಿದರೆ ತನ್ನ ನಿವೃತ್ತಿಯ ದಿನಗಳಿಗೆ ಸಂಚಕಾರ ಎಂದುಕೊಂಡು, ಅದನ್ನೆತ್ತಿ ಕುರ್ಚಿಯ ಕೆಳಗಿನ ಅಡ್ಡಹಲಗೆಯ ಮೇಲಿಟ್ಟು ಬಟ್ಟೆ ಇಳಿಬಿಟ್ಟ. ಅವನ ಮಟ್ಟಿಗೆ ಅದು ದಿನದ ಒಳ್ಳೆಯ ಕೆಲಸ.

ಮೊದಲು ಕಮಿಷನರೇ ಕೂತರು. ಇನ್‌ಸ್ಪೆಕ್ಟರು ಕುರ್ಚಿಯ ತೂಕ ಕಳೆದು ಎಂಬತ್ತಮೂರು ಎಂದರು. ಮನೆಯ ಯಂತ್ರ ಬೆಳಗ್ಗೆ ಎಪ್ಪತ್ತೆಂಟು ತೋರಿಸಿತ್ತಲ್ಲ ಎಂದು ಕಮಿಷನರ ಮುಖ ಸಣ್ಣದಾಯಿತು.

"ಮನೆ ಯಂತ್ರಕ್ಕೆ ಮುದ್ರೆ ಇದ್ಯಾ ಸಾರ್?" ಎಂದು ಇನ್‌ಸ್ಪೆಕ್ಟರು ವಿನಯದಿಂದ ಕೇಳಿದರು. ಕಮಿಷನರು ಎದ್ದು ಹೋದರು.

ಆಮೇಲೆ ಇನ್‌ಸ್ಪೆಕ್ಟರೂ ಸೇರಿ ನೂರಾ ಹನ್ನೆರಡು ಜನ ಒಬ್ಬೊಬ್ಬರಾಗಿ ಕೂತು, ಒಬ್ಬೊಬ್ಬರಾಗಿ ಮುಖ ಬಾಡಿಸಿಕೊಂಡು ಎದ್ದರು. ಎದುರುಮನೆಯಾಕೆ ಅಲ್ಲೇ ಕಣ್ಣೀರು ಹಾಕಿದಳು. ನಿವೃತ್ತ ಮೇಷ್ಟ್ರು ಲೆಕ್ಕ ತಪ್ಪಿದೆಯೆಂದು ಪುಸ್ತಕವನ್ನು ಇಸಿದುಕೊಂಡು ಎರಡು ಸಲ ಕಳೆದು ನೋಡಿ, ಕಳೆದದ್ದು ಸರಿಯಿದೆ ಎಂದು ಸುಮ್ಮನಾದರು. ಬೀದಿಯ ದರ್ಜಿ ಕಡ್ಡಿಯಂಥ ಮನುಷ್ಯ. ಅವನು ಐವತ್ತೊಂದು ಕಿಲೋ ಇದ್ದೇನೆಂದು ತಿಳಿದು ಬೀದಿಯಲ್ಲಿ ಅವನೊಬ್ಬನೇ ಖುಷಿಪಟ್ಟ. ಉಳಿದವರೆಲ್ಲ ತಮ್ಮ ದೇಹದ ಬಗ್ಗೆ ತಮಗೆ ಇಷ್ಟು ದಿನ ಎಂಥ ಭ್ರಮೆಯಿತ್ತೆಂದು ನಾಚಿಕೊಂಡು ಮನೆಗೆ ಹೋದರು. ಕುರ್ಚಿ ಬಿಳಿ ಬಟ್ಟೆಯ ಸಮೇತ ಬೇಕರಿಗೆ ಹೋಯಿತು.

ಸಂಜೆ ಪೆಟ್ಟಿಗೆ ತೆರೆದಾಗ ಐದು ಕಿಲೋದ ಗುಂಡಿ ಖಾಲಿಯಿತ್ತು.

ಇನ್‌ಸ್ಪೆಕ್ಟರು ಮೊದಲು ಪೆಟ್ಟಿಗೆ ಮುಚ್ಚಿ ಮತ್ತೆ ತೆರೆದರು. ಆಮೇಲೆ ಶಾಲೆಯ ಹಾಲನ್ನು ಮೂಲೆಮೂಲೆ ಹುಡುಕಿದರು, ಕಪಾಟಿನ ಹಿಂದೆ ಬಗ್ಗಿ ಅಲ್ಲೇ ಸಿಕ್ಕಿಕೊಂಡು ಕಷ್ಟಪಟ್ಟು ಹೊರಬಂದರು. ಜವಾನನನ್ನು ಒಂದೇ ಒಂದು ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತಾರು ವರ್ಷ ಮುದ್ರೆಯ ಬಗ್ಗೆ ಭಾಷಣ ಮಾಡಿದವರು, ಮುದ್ರೆ ಇರುವ ಬಟ್ಟನ್ನೇ ಕಳೆದುಕೊಂಡೆ ಎಂದು ಜವಾನನ ಎದುರು ಯಾವ ಬಾಯಲ್ಲಿ ಹೇಳುವುದು? ಅವರು ಯಾರನ್ನೂ ಕೇಳಲಿಲ್ಲ. ಮೂರೂವರೆ ತಿಂಗಳಿಗೆ ಕಂಟ್ರೋಲರ್ ಮೇಡಂ ಬರುತ್ತಾರೆ, ಬಂದಾಗ ಗುಂಡಿ ಖಾಲಿಯಿದ್ದರೆ ನೌಕರಿ ಹೋಯಿತು. ಅಂದಿನಿಂದ ಅವರು ಗುಜರಿ ಅಂಗಡಿಗಳಿಗೆ ತಪಾಸಣೆಯ ನೆಪದಲ್ಲಿ ಹೋಗಿ ಕಬ್ಬಿಣದ ರಾಶಿ ಕೆದಕತೊಡಗಿದರು. ಗುಜರಿಯವರು ಇಲಾಖೆಗೆ ಹೊಸ ಕಾಯ್ದೆ ಬಂದಿದೆಯೆಂದು ತಿಳಿದು ತಕ್ಕಡಿಗಳನ್ನೆಲ್ಲ ರಿಪೇರಿ ಮಾಡಿಸಿದರು.

ಇತ್ತ ತೆರಿಗೆ ಜಾರಿಗೆ ಬಂತು. ಬನ್ನಿನ ಬೆಲೆ ಏರಿತು. ಮೊದಲ ವಾರ ಬೀದಿಯವರು ಬೇಕರಿಯ ಮುಂದೆ ಹೋಗುವಾಗ ಮುಖ ತಿರುಗಿಸಿ ನಡೆದರು. ಎರಡನೆಯ ವಾರ ಭಾವಮೈದುನ ಬೆಲೆ ಇಳಿಸುವುದಕ್ಕೆಂದು ಬನ್ನನ್ನು ಚಿಕ್ಕದು ಮಾಡಿದ. ಜನ ಚಿಕ್ಕದಲ್ಲವೇ ಎಂದು ಎರಡೆರಡು ತಿಂದರು. ಮೂರನೆಯ ವಾರ ಯಾರೋ ಬುದ್ಧಿವಂತರಿಗೆ ಹೊಳೆಯಿತು: ತೆರಿಗೆ ಇರುವುದು ಈ ಬೀದಿಯಲ್ಲಿ ಮಾತ್ರ, ಪಕ್ಕದ ಬೀದಿಯ ಬೇಕರಿಯಲ್ಲಿ ಇಲ್ಲ.

ಇನ್‌ಸ್ಪೆಕ್ಟರಿಗೂ ಇದು ಸ್ವತಂತ್ರವಾಗಿಯೇ ಹೊಳೆದಿತ್ತು. ಒಂದು ಸಂಜೆ ಅವರು ಟೋಪಿ ಕಣ್ಣಿನವರೆಗೆ ಎಳೆದುಕೊಂಡು ಪಕ್ಕದ ಬೀದಿಯ ಬೇಕರಿಗೆ ಹೋದರೆ, ತಮ್ಮ ಇಡೀ ಬೀದಿ ಅಲ್ಲಿ ಸಾಲಿನಲ್ಲಿ ನಿಂತಿತ್ತು. ಯಾರೂ ಯಾರ ಗುರುತನ್ನೂ ಹಿಡಿಯಲಿಲ್ಲ. ಎದುರುಮನೆಯಾಕೆ ಕೇಕಿನ ಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ, ಯಾರೂ ಕೇಳದಿದ್ದರೂ ನಾಯಿಗೆ ಎಂದಳು. ಆಕೆಯ ಮನೆಯಲ್ಲಿ ನಾಯಿ ಇರಲಿಲ್ಲ. ಆರೋಗ್ಯಾಧಿಕಾರಿಗಳ ಚಾಲಕನೂ ಸಾಲಿನಲ್ಲಿದ್ದ, ಯಾರಿಗೆ ಎಂದು ಅವನು ಹೇಳಲಿಲ್ಲ.

ಇನ್‌ಸ್ಪೆಕ್ಟರು ಹೊರಗಿನ ಅಂಗಡಿಯಲ್ಲಿ ಬನ್ನು ತಿಂದ ಸುದ್ದಿ ಅವರಿಗಿಂತ ಮೊದಲೇ ಮನೆ ಸೇರಿತು. ಅಷ್ಟು ಹೊತ್ತಿಗೆ ಭಾವಮೈದುನ ವ್ಯಾಪಾರವಿಲ್ಲದೆ ಇಬ್ಬರು ಕೆಲಸಗಾರರನ್ನು ಬಿಡಿಸಿ ತಾನೇ ಹಿಟ್ಟು ನಾದುತ್ತಿದ್ದ. ಹೆಂಡತಿ ಬೈಯಲಿಲ್ಲ, ಅದೇ ಭಯವಾಗುವಂತಿತ್ತು. "ನನ್ನ ತಮ್ಮನ ಬನ್ನು ಕಹಿಯಾಯ್ತು ಅಲ್ವಾ" ಎಂದಷ್ಟೇ ಹೇಳಿ, ಅಂದಿನಿಂದ ಅವರ ತಟ್ಟೆಗೆ ಬೇಯಿಸಿದ ತರಕಾರಿ ಮಾತ್ರ ಬಡಿಸತೊಡಗಿದಳು. ಎರಡು ಮನೆಗಳ ನಡುವೆ ಮಾತು ನಿಂತಿತು. ಇನ್‌ಸ್ಪೆಕ್ಟರು ತರಕಾರಿ ತಿಂದು, ಪಕ್ಕದ ಬೀದಿಗೆ ನಡೆದು ಬನ್ನು ತಿಂದು, ಮರಳಿ ಬಂದು ಖಾಲಿ ಗುಂಡಿಯನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಪ್ಯಾಂಟು ಬಿಗಿಯಾಗುತ್ತಿತ್ತು. ಅದು ಪ್ಯಾಂಟಿನ ತಪ್ಪು ಎಂದು ಅವರು ತಿಳಿದಿದ್ದರು.

ಮೂರು ತಿಂಗಳು ಮುಗಿದು ಎರಡನೆಯ ತೂಕದ ದಿನ ಬಂತು. ಜವಾನ ಕುರ್ಚಿ ಕೇಳಲು ಹೋದರೆ ಭಾವಮೈದುನ ಅದರ ಮೇಲೆ ಕೂತಲ್ಲಿಂದ ಏಳಲಿಲ್ಲ. ನನ್ನ ಅಂಗಡಿ ಮುಳುಗಿಸೋಕೆ ನನ್ನ ಕುರ್ಚೀನೇ ಬೇಕಾ ಎಂದು ಹೇಳಿ ಕಳಿಸಿದ. ಆದರೆ ಈ ಸಲ ಬೀದಿಯವರಿಗೆ ಕುರ್ಚಿ ಬೇಕಾಗಿರಲಿಲ್ಲ. ಮೂಟೆಯೆಂದರೂ ಸರಿ, ಬೇಗ ಫಲಿತಾಂಶ ತಿಳಿದರೆ ಸಾಕು ಎಂದು ಚಪ್ಪಲಿ ಬಿಟ್ಟು ಹಲಗೆಯ ಮೇಲೆ ನಿಂತರು. ಕಳೆಯುವುದಕ್ಕೆ ಕುರ್ಚಿಯಿಲ್ಲದ್ದರಿಂದ ಇನ್‌ಸ್ಪೆಕ್ಟರಿಗೂ ಕೆಲಸ ಹಗುರವಾಯಿತು.

ಕಮಿಷನರು ಎಪ್ಪತ್ತೆಂಟು. ಎದುರುಮನೆಯಾಕೆ ಐದು ಕಿಲೋ ಕಡಿಮೆ. ಮೇಷ್ಟ್ರು ಐದು ಕಿಲೋ ಕಡಿಮೆ. ಒಬ್ಬರು ನಾಲ್ಕೂವರೆ, ಒಬ್ಬರು ಐದೂವರೆ, ಬೀದಿಗೆ ಬೀದಿಯೇ ಐದು ಕಿಲೋ ಇಳಿದಿತ್ತು. ಮನೆ ಯಂತ್ರಕ್ಕೂ ಈಗ ಬುದ್ಧಿ ಬಂತು ನೋಡಿ ಎಂದು ಕಮಿಷನರು ನಕ್ಕರು. ಇನ್‌ಸ್ಪೆಕ್ಟರು ತಾವೂ ಹತ್ತಿ ನಿಂತರು, ಎರಡು ಕಿಲೋ ಕಡಿಮೆ. ಅವರಿಗೆ ಒಂದು ಕ್ಷಣ ಪ್ಯಾಂಟು ನೆನಪಾಯಿತು. ಆದರೆ ಪ್ಯಾಂಟಿಗೆ ಮುದ್ರೆ ಇರಲಿಲ್ಲ, ತಕ್ಕಡಿಗೆ ಇತ್ತು.

ಕೊನೆಗೆ ದರ್ಜಿ ನಿಂತ. ನಲವತ್ತಾರು.

"ಸಾರ್, ನಾನು ಯಾವತ್ತೂ ಬನ್ನು ತಿಂದೋನೇ ಅಲ್ಲ" ಎಂದು ಅವನು ಹೇಳಿದ. "ನಂದ್ಯಾಕೆ ಇಳೀತು?"

ಆರೋಗ್ಯಾಧಿಕಾರಿಗಳು ಯೋಚಿಸಿ, ಒಳ್ಳೆಯ ನೀತಿಯ ಗಾಳಿ ಎಲ್ಲರಿಗೂ ತಗಲುತ್ತದೆ ಎಂದರು. ದರ್ಜಿಯ ಹೆಂಡತಿ ಅವನನ್ನು ಅಲ್ಲಿಂದ ನೇರ ಡಾಕ್ಟರ ಬಳಿ ಕರೆದುಕೊಂಡು ಹೋದಳು.

ಆಮೇಲಿನ ಎರಡು ವಾರ ಬೀದಿ ಬೀದಿಯಾಗಿ ಉಳಿಯಲಿಲ್ಲ, ಪ್ರದರ್ಶನವಾಯಿತು. ಬೇರೆ ಊರುಗಳ ಅಧಿಕಾರಿಗಳು ಬಂದು ಬೀದಿಯವರನ್ನು ಮುಂದಿನಿಂದಲೂ ಪಕ್ಕದಿಂದಲೂ ನೋಡಿ ಟಿಪ್ಪಣಿ ಬರೆದುಕೊಂಡರು. ಎದುರುಮನೆಯಾಕೆ ತಾನು ತೆಳ್ಳಗಾದ ವಿಧಾನದ ಬಗ್ಗೆ ಮೂರು ಬೀದಿಗಳಲ್ಲಿ ಮಾತಾಡಿಬಂದಳು. ಐದು ಕಿಲೋ ಕೈಯಲ್ಲಿದೆಯಲ್ಲ, ಒಂದರ್ಧ ಕಿಲೋ ಖರ್ಚು ಮಾಡಿದರೆ ತಪ್ಪೇನು ಎಂದು ಜನ ಪಕ್ಕದ ಬೀದಿಗೆ ಈಗ ತಲೆ ಎತ್ತಿಕೊಂಡೇ ಹೋಗತೊಡಗಿದರು. ಡಾಕ್ಟರು ಏನೂ ಕಾಯಿಲೆಯಿಲ್ಲ ಎಂದು ದರ್ಜಿಯನ್ನು ವಾಪಸು ಕಳಿಸಿದ ಮೇಲೆ ಅವನೊಬ್ಬನೇ ಅನುಮಾನದಿಂದ ತನ್ನ ಅಳತೆ ಪುಸ್ತಕ ತೆಗೆದು, ಸಿಕ್ಕಸಿಕ್ಕವರ ಸೊಂಟಕ್ಕೆ ಟೇಪು ಸುತ್ತಿ ನೋಡಿದ. ಒಂದು ಸೊಂಟವೂ ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ. ನಿನ್ನ ಟೇಪು ಮಳೆಯಲ್ಲಿ ನೆನೆದು ಕುಗ್ಗಿರಬೇಕು ಎಂದು ಜನ ಬೈದು ಕಳಿಸಿದರು.

ನಗರಸಭೆ ಎರಡು ತೀರ್ಮಾನ ಮಾಡಿತು. ಮುಂದಿನ ತಿಂಗಳಿಂದ ತೆರಿಗೆ ಇಡೀ ಊರಿಗೆ. ಸೋಮವಾರ ಶಾಲೆಯ ಹಾಲಿನಲ್ಲಿ ಇನ್‌ಸ್ಪೆಕ್ಟರಿಗೆ ಸನ್ಮಾನ. ಸನ್ಮಾನಕ್ಕೆ ಮುಖ್ಯ ಅತಿಥಿಯಾಗಿ ಕಂಟ್ರೋಲರ್ ಮೇಡಂ ಬರುತ್ತಾರೆಂದೂ, ಹೇಗಿದ್ದರೂ ಬರುವುದರಿಂದ ವಾರ್ಷಿಕ ಪರಿಶೀಲನೆಯನ್ನೂ ಅಂದೇ ಮುಗಿಸುತ್ತಾರೆಂದೂ ಪತ್ರ ಬಂತು. ಒಂದೇ ದಿನ ಹೂಗುಚ್ಛ ಮತ್ತು ಅಮಾನತು ಎರಡನ್ನೂ ಪಡೆದ ಸರ್ಕಾರಿ ನೌಕರ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇನ್‌ಸ್ಪೆಕ್ಟರು ಯೋಚಿಸಿ ನೋಡಿದರು. ಯಾರೂ ನೆನಪಾಗಲಿಲ್ಲ.

ಸೋಮವಾರ ಬೆಳಗ್ಗೆ ಹೆಂಡತಿ ತಿಂಗಳುಗಟ್ಟಲೆಯ ಮೌನ ಮುರಿದು, ಇಡೀ ಊರಿಗೆ ತೆರಿಗೆ ಬಂದರೆ ನನ್ನ ತಮ್ಮ ಅಂಗಡಿ ಮುಚ್ಚುತ್ತಾನಂತೆ, ಹೋಗಿ ಒಂದು ಒಳ್ಳೆಯ ಮಾತಾದರೂ ಆಡಿ ಬನ್ನಿ ಎಂದಳು. ಇನ್‌ಸ್ಪೆಕ್ಟರು ಹೋದರು. ಬೇಕರಿಯ ಹಿಂಭಾಗದಲ್ಲಿ ಭಾವಮೈದುನ ಒಬ್ಬನೇ ನಿಂತು ಬ್ರೆಡ್ಡಿನ ಅಚ್ಚುಗಳಿಗೆ ಹಿಟ್ಟು ತುಂಬುತ್ತಿದ್ದ. ತುಂಬಿದ ಅಚ್ಚುಗಳಿಗೆ ಮುಚ್ಚಳ ಹಾಕಿ, ಹಿಟ್ಟು ಉಬ್ಬಿ ಮುಚ್ಚಳವನ್ನು ಎತ್ತದಿರಲೆಂದು ಮೇಲೊಂದು ಭಾರ ಹೇರಿದ್ದ. ಆ ಭಾರಕ್ಕೆ ಹಿಡಿಯಿತ್ತು. ನೆತ್ತಿಯ ಮೇಲೆ, ಬೆಣ್ಣೆಯ ಜಿಡ್ಡಿನ ಅಡಿಯಲ್ಲಿ, ಸರ್ಕಾರದ ಮುದ್ರೆಯಿತ್ತು.

ಇದು ಎಲ್ಲಿತ್ತು ಎಂದು ಇನ್‌ಸ್ಪೆಕ್ಟರು ಕೇಳಿದರು.

"ಅದಾ? ಕುರ್ಚಿ ಕೆಳಗಿನ ಹಲಗೇಲಿತ್ತು ಭಾವ. ನೀವು ಮೊದಲ್ನೇ ಸಲ ತೂಗಿ ವಾಪಸ್ ಕಳಿಸಿದ್ರಲ್ಲ, ಅವತ್ತಿಂದ. ಕುರ್ಚಿ ಬಾಡಿಗೆಗೆ ಅಂತ ಕೊಟ್ಟಿರಬೇಕು ಅಂದ್ಕೊಂಡೆ. ಬ್ರೆಡ್ಡಿಗೆ ಒಳ್ಳೇದಾಯ್ತು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇನ್‌ಸ್ಪೆಕ್ಟರು ಬಟ್ಟನ್ನು ಎತ್ತಿ ಎದೆಗೆ ಅಪ್ಪಿಕೊಂಡರು, ಸನ್ಮಾನದ ಅಂಗಿಗೆ ಬೆಣ್ಣೆ ಹತ್ತಿತು. ನೌಕರಿ ಉಳಿಯಿತು, ಗುಂಡಿ ತುಂಬಿತು. ಈ ಸಂತೋಷ ಬೇಕರಿಯ ಬಾಗಿಲವರೆಗೆ ಇತ್ತು. ಬಾಗಿಲಲ್ಲಿ ಅವರ ಕಾಲು ನಿಂತುಹೋಯಿತು. ಮೊದಲ ಸಲ ತೂಗುವಾಗ ಬಟ್ಟು ಕುರ್ಚಿಯ ಕೆಳಗಿತ್ತು. ತಾವು ಕಳೆದದ್ದು ಕುರ್ಚಿಯನ್ನು ಮಾತ್ರ. ಎರಡನೆಯ ಸಲ ಕುರ್ಚಿಯೂ ಇಲ್ಲ, ಬಟ್ಟೂ ಇಲ್ಲ. ಬೀದಿ ಇಳಿಸಿದ ಐದು ಕಿಲೋ ಈಗ ಅವರ ತೋಳಿನಲ್ಲಿತ್ತು.

ಅವರು ಅದನ್ನು ಬ್ರೆಡ್ಡಿನ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಶಾಲೆಯ ಕಡೆ ನಡೆದರು. ಬಾಯಿ ಮುಚ್ಚಿಕೊಂಡು ಗುಂಡಿಯಲ್ಲಿ ಇಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ನೌಕರಿ ಇದೆ, ಸನ್ಮಾನ ಇದೆ. ಭಾವಮೈದುನನ ಅಂಗಡಿ ಮಾತ್ರ ಇರುವುದಿಲ್ಲ. ಬಾಯಿ ಬಿಟ್ಟರೆ ಅಂಗಡಿ ಇದೆ, ಉಳಿದದ್ದು ಯಾವುದೂ ಇಲ್ಲ. ದಾರಿಯುದ್ದಕ್ಕೂ ಇದನ್ನೇ ತೂಗಿದರು. ಶಾಲೆಯ ಮೆಟ್ಟಿಲು ಹತ್ತುವಾಗ ಬಾಯಿ ಮುಚ್ಚಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಇದನ್ನು ಹೇಳಲು ನಮಗೂ ಬೇಸರವೇ, ಆದರೆ ಇದ್ದದ್ದು ಇದ್ದ ಹಾಗೆ.

ಹಾಲಿನ ತುಂಬ ಜನ. ವೇದಿಕೆಯ ಮೇಲೆ ಕಂಟ್ರೋಲರ್ ಮೇಡಂ ದಪ್ಪ ಕನ್ನಡಕ ಹಾಕಿಕೊಂಡು, ತಮ್ಮದೇ ಸಣ್ಣ ತಕ್ಕಡಿಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಿಂದಿನ ಸಾಲಿನಲ್ಲಿ ಇನ್‌ಸ್ಪೆಕ್ಟರ ಹೆಂಡತಿ, ಪಕ್ಕದಲ್ಲಿ ಏಪ್ರನ್ನನ್ನೂ ಬಿಚ್ಚದೆ ಬಂದ ಭಾವಮೈದುನ ಕೂತಿದ್ದರು. ಕಮಿಷನರು ಅರ್ಧ ಗಂಟೆ ಮಾತಾಡಿ, ಇಂಥ ತಕ್ಕಡಿ ಇರುವ ಊರಿಗೆ ಬೊಜ್ಜಿನ ಭಯವಿಲ್ಲ ಎಂದು ಮುಗಿಸಿ, ಹೂಗುಚ್ಛ ಎತ್ತಿಕೊಂಡರು.

ಆಗ ದರ್ಜಿ ಎದ್ದು ನಿಂತ. ಕೊರಳಲ್ಲಿ ಟೇಪು, ಕೈಯಲ್ಲಿ ಅಳತೆ ಪುಸ್ತಕ. ಈ ಬೀದಿಯ ಒಬ್ಬರ ಸೊಂಟವೂ ಇಳಿದಿಲ್ಲ, ಬೇಕಾದರೆ ಇಲ್ಲೇ ಅಳೆದು ತೋರಿಸುತ್ತೇನೆ ಎಂದ. ಜನ ಕೂತುಕೋ ಎಂದು ಕೂಗಿದರು. ಕಮಿಷನರು ಜವಾನನಿಗೆ ಕಣ್ಸನ್ನೆ ಮಾಡಿದರು. ಇನ್ನೊಂದು ಕ್ಷಣದಲ್ಲಿ ದರ್ಜಿ ಹೊರಗಿರುತ್ತಿದ್ದ, ಎಲ್ಲವೂ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಬಾಗಿಲಿನ ಬಳಿ ಅವನು ಇನ್ನೊಂದು ಮಾತು ಹೇಳಿದ.

"ಟೇಪು ಸುಳ್ಳಲ್ಲ ಸಾರ್. ನಿಮ್ಮ ತಕ್ಕಡಿ ಸುಳ್ಳು."

ಇನ್‌ಸ್ಪೆಕ್ಟರ ಕಿವಿ ಕೆಂಪಾಯಿತು. ನೌಕರಿ, ಸನ್ಮಾನ, ನಿಯಮಪುಸ್ತಕದ ದಪ್ಪಕ್ಷರ ಯಾವುದೂ ಆ ಗಳಿಗೆಯಲ್ಲಿ ಅವರಿಗೆ ನೆನಪಿಗೆ ಬರಲಿಲ್ಲ.

"ಯಾರು ಹೇಳಿದ್ದು ಸುಳ್ಳು ಅಂತ?" ಎಂದು ಅವರು ಮೈಕು ಕಿತ್ತುಕೊಂಡರು. "ನನ್ನ ತಕ್ಕಡಿ ಸುಳ್ಳು ಹೇಳಲ್ಲ. ಐದು ಕಿಲೋ ಇತ್ತು, ಅದಕ್ಕೇ ತೋರಿಸ್ತು. ಕುರ್ಚಿ ಕೆಳಗೆ ಇದು ಇತ್ತು!" ಎಂದು ಚೀಲದಿಂದ ಬಟ್ಟನ್ನು ಎಳೆದು ಮೇಜಿನ ಮೇಲೆ ಕುಕ್ಕಿದರು. ಹೂಗುಚ್ಛ ಹಾರಿ ಕೆಳಗೆ ಬಿತ್ತು.

ಜವಾನ ಮುಂದೆ ಬಂದು ಬಟ್ಟನ್ನು ನೋಡಿ, ಹೌದು ಸಾರ್, ನಾನೇ ಇಟ್ಟಿದ್ದೆ, ಯಾರೂ ಎಡವಲಿಲ್ಲ ನೋಡಿ ಎಂದು ತೃಪ್ತಿಯಿಂದ ಹೇಳಿದ.

ಮೊದಲು ಅರ್ಥ ಮಾಡಿಕೊಂಡವರು ಮೇಷ್ಟ್ರು. ಅವರು ಪೆನ್ಸಿಲು ತೆಗೆದು ಲೆಕ್ಕ ಹಾಕಿ ಪಕ್ಕದವರಿಗೆ ಹೇಳಿದರು, ಪಕ್ಕದವರು ಅವರ ಪಕ್ಕದವರಿಗೆ ಹೇಳಿದರು, ಸುದ್ದಿ ಎದುರುಮನೆಯಾಕೆಯನ್ನು ಮುಟ್ಟಿದಾಗ ಆಕೆ ಎದ್ದಳು. "ಅದೆಲ್ಲ ನಂಗೊತ್ತಿಲ್ಲ" ಎಂದಳು. "ನಾನು ಕಷ್ಟಪಟ್ಟು ಇಳಿಸಿದ ಐದು ಕಿಲೋ ನಾನು ವಾಪಸ್ ತಗೊಳಲ್ಲ." ಹಾಲಿನ ಮುಕ್ಕಾಲು ಪಾಲು ಆಕೆಯ ಬೆನ್ನಿಗೆ ನಿಂತಿತು. ಆರೋಗ್ಯಾಧಿಕಾರಿಗಳು ತೂಕಕ್ಕಿಂತ ಮನೋಭಾವ ಮುಖ್ಯ ಎಂದರು. ದರ್ಜಿಯೊಬ್ಬ ಮಾತ್ರ ಬಾಗಿಲಲ್ಲೇ ಕುಸಿದು ಕೂತು, ಹೆಂಡತಿಯ ಕೈ ಹಿಡಿದು, ನಾನು ಕರಗ್ತಾ ಇರಲಿಲ್ಲ ಕಣೇ ಎಂದು ಅತ್ತುಬಿಟ್ಟ.

ಮೇಷ್ಟ್ರ ಲೆಕ್ಕ ಮುಗಿಯಿತು. ಐದೈದು ಕಿಲೋ ತೆಗೆದರೆ ಕೆಲವರು ಅರ್ಧ ಕಿಲೋ ಇಳಿದಿದ್ದರು, ಕೆಲವರು ಅರ್ಧ ಕಿಲೋ ಏರಿದ್ದರು, ಇನ್‌ಸ್ಪೆಕ್ಟರು ಮಾತ್ರ ಮೂರು ಕಿಲೋ ಏರಿದ್ದರು. ನೂರಾ ಹನ್ನೆರಡು ಜನ ಸೇರಿ ಮೂರು ತಿಂಗಳಲ್ಲಿ ಇಳಿಸಿದ್ದು ಒಟ್ಟು ಒಂದೂವರೆ ಕಿಲೋ. ಪಕ್ಕದ ಬೀದಿಗೂ ತೆರಿಗೆ ಇದ್ದಿದ್ದರೆ ಇನ್ನೂ ಇಳಿಯುತ್ತಿತ್ತು ಎಂದು ಆರೋಗ್ಯಾಧಿಕಾರಿಗಳು ಹೇಳಿದರು. ಪಕ್ಕದ ಬೀದಿಗೆ ನಡೆದುಹೋಗದಿದ್ದರೆ ಇಷ್ಟೂ ಇಳಿಯುತ್ತಿರಲಿಲ್ಲ ಎಂದು ಮೇಷ್ಟ್ರು ಹೇಳಿದರು. ಇದನ್ನು ಇಂದು ತೀರ್ಮಾನಿಸುವುದಕ್ಕೆ ಆಗುವುದಿಲ್ಲವೆಂದು ಕಂಡುಕೊಂಡ ಕಮಿಷನರು, ತೆರಿಗೆಯನ್ನು ಎಲ್ಲ ಕಡೆಯೂ ತಡೆಹಿಡಿದು ಮರುಪರಿಶೀಲನೆಗೆ ಕಳಿಸಲಾಗಿದೆ ಎಂದು ಹೇಳಿ ಕಾರು ಹತ್ತಿದರು. ಹಿಂದಿನ ಸಾಲಿನಲ್ಲಿ ಭಾವಮೈದುನ ಏಪ್ರನ್ನಿನಿಂದ ಕಣ್ಣೊರೆಸಿಕೊಂಡ, ಮುಖದ ತುಂಬ ಹಿಟ್ಟಾಯಿತು.

ಉಳಿದವರು ಕಂಟ್ರೋಲರ್ ಮೇಡಂ. ಪೆಟ್ಟಿಗೆ ತೆಗೆದು, ತಮ್ಮ ತಕ್ಕಡಿ ನಿಲ್ಲಿಸಿ, ಒಂದು ಕಡೆ ಇಲಾಖೆಯ ಮೂಲ ಬಟ್ಟು, ಇನ್ನೊಂದು ಕಡೆ ಇನ್‌ಸ್ಪೆಕ್ಟರ ಬಟ್ಟು ಇಟ್ಟರು. ಇನ್‌ಸ್ಪೆಕ್ಟರ ತಟ್ಟೆ ಕೆಳಗಿಳಿಯಿತು. ಮೇಡಂ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಮೇಲಿನ ತಟ್ಟೆಗೆ ಒಂದೊಂದೇ ಸಣ್ಣ ಬಟ್ಟು ಹಾಕುತ್ತ ಹೋದರು. ಆಮೇಲೆ ಇನ್‌ಸ್ಪೆಕ್ಟರ ಬಟ್ಟನ್ನು ಎತ್ತಿ ಮೂಸಿದರು.

"ಐದು ಕಿಲೋ ನಲವತ್ತು ಗ್ರಾಂ" ಎಂದರು. "ಏನ್ರೀ ಇನ್‌ಸ್ಪೆಕ್ಟ್ರೇ, ನಿಮ್ಮ ಬಟ್ಟಿಗೆ ಬೊಜ್ಜು ಬಂದಿದೆ."

ಮೂರು ತಿಂಗಳು ಬೆಣ್ಣೆ, ಸಕ್ಕರೆ, ಹಿಟ್ಟು ಮೆತ್ತಿ, ಒಲೆಯ ಶಾಖಕ್ಕೆ ಒಣಗಿ ಕೂತಿತ್ತು. ಮೇಡಂ ನಿಯಮಪುಸ್ತಕ ತಿರುವಿದರು. ಬಟ್ಟು ಕಾಣೆಯಾದರೆ ಅಮಾನತು. ಕಾಣೆಯಾಗದೆ ತೂಕ ತಪ್ಪಿದ್ದರೆ ಸ್ವಚ್ಛಮಾಡಿ ಮರುಮುದ್ರೆಗೆ ಒಪ್ಪಿಸತಕ್ಕದ್ದು, ಸೇವಾ ಪುಸ್ತಕದಲ್ಲಿ ಒಂದು ಕೆಂಪು ಗೆರೆ. ಬಟ್ಟು ಎದುರಿಗೇ ಇದೆಯಲ್ಲ, ಕಾಣೆಯಾಗಿದೆ ಎಂದು ನಾನು ಹೇಗೆ ಬರೆಯಲಿ ಎಂದು ಮೇಡಂ ಪೆನ್ನು ತೆಗೆದು ಗೆರೆ ಎಳೆದರು. ಇಪ್ಪತ್ತಾರು ವರ್ಷದ ಮೊದಲ ಗೆರೆ. ಅದು ತುಸು ಸೊಟ್ಟಗೆ ಬಿತ್ತು, ಇನ್‌ಸ್ಪೆಕ್ಟರಿಗೆ ಅದು ಬೇಸರವಾಯಿತು.

ಸಂಜೆ ಅವರು ಹಿತ್ತಲಿನ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಬಿಸಿನೀರು ಸುರಿದು ಸೋಪು ಹಚ್ಚಿ ಬಟ್ಟನ್ನು ಉಜ್ಜುತ್ತಿದ್ದರು. ಪಕ್ಕದಲ್ಲಿ ತಟ್ಟೆಯಲ್ಲಿ ಭಾವಮೈದುನ ಕಳಿಸಿದ ಕ್ರೀಮ್ ಬನ್ನುಗಳಿದ್ದವು. ಹೆಂಡತಿ ಬಂದು ನಿಂತಳು.

"ಎಷ್ಟು ಇಳೀತು?" ಎಂದು ಕೇಳಿದಳು.

"ಪೂರ್ತಿ. ನಲವತ್ತು ಗ್ರಾಮೂ ಹೋಯ್ತು."

"ತೆರಿಗೆ ಇಲ್ದೇನೇ ಇಳೀತಲ್ಲ" ಎಂದಳು ಹೆಂಡತಿ. ಆಮೇಲೆ ಬನ್ನಿನ ತಟ್ಟೆ ಎತ್ತಿಕೊಂಡು, ಅವರ ಹೊಟ್ಟೆಯನ್ನೊಮ್ಮೆ ನೋಡಿ, ಉಜ್ಜುವ ನಾರನ್ನು ಎತ್ತಿಡಬೇಡಿ, ಇಳಿಸೋದಕ್ಕೆ ಇನ್ನೂ ಮೂರು ಕಿಲೋ ಇದೆ ಎಂದು ಹೇಳಿ ಒಳಗೆ ಹೋದಳು.